ಆಟಕ್ಕುಂಟು, ಲೆಕ್ಕಕ್ಕೆ ಎಷ್ಟು? ಕ್ವಾರ್ಟರ್‌ಬ್ಯಾಕ್ ಒಬ್ಬನ ಬೆಲೆ ಕಟ್ಟುವ ಕಷ್ಟ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಮಾಷೆಯ ಲೆಕ್ಕ ಇದೆ. ಒಬ್ಬ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಎಸೆದ ಪ್ರತಿ ಚೆಂಡೂ ನೆಲಕ್ಕೇ ಬಿತ್ತು ಅಂತಿಟ್ಟುಕೊಳ್ಳಿ. ಒಂದೂ ಎಸೆತ ತನ್ನವರ ಕೈ ಸೇರಲಿಲ್ಲ, ತಂಡ ಒಂದು ಗಜವೂ ಮುಂದೆ ಹೋಗಲಿಲ್ಲ. ಆದರೂ ಅವನ 'ಪಾಸರ್ ರೇಟಿಂಗ್' 39.6 ಬರುತ್ತೆ! ಇನ್ನೊಂದು ಕಡೆ, 2017ರ ನವೆಂಬರ್‌ನಲ್ಲಿ ಬಫಲೊ ಬಿಲ್ಸ್ ತಂಡದ ನೇಥನ್ ಪೀಟರ್‌ಮನ್ ಅನ್ನೋ ಹುಡುಗ ಕಷ್ಟಪಟ್ಟು ಆಡಿ, ಮೊದಲಾರ್ಧದಲ್ಲೇ ಐದು ಚೆಂಡನ್ನು ಎದುರಾಳಿಗಳ ಕೈಗೆ ಕೊಟ್ಟ. ಅವನ ರೇಟಿಂಗ್ 17.9. ಅಂದರೆ, ಚೆಂಡನ್ನು ಸುಮ್ಮನೆ ಕಾಲ ಬುಡಕ್ಕೆ ಹಾಕುತ್ತಾ ನಿಂತಿದ್ದರೂ ಅವನಿಗೆ ಹೆಚ್ಚು ಮಾರ್ಕ್ಸ್ ಬರ್ತಿತ್ತು.

ಈ ಲೆಕ್ಕ ಮೊದಲ ಸಲ ಮಾಡಿ ನೋಡಿದಾಗ ನಾನು ನಕ್ಕಿದ್ದೆ. ಆಮೇಲೆ ಸ್ವಲ್ಪ ಗಾಬರಿಯೂ ಆಯ್ತು. ಯಾಕಂದ್ರೆ ಇದು ಯಾರೋ ಅಭಿಮಾನಿ ಟೈಮ್‌ಪಾಸ್‌ಗೆ ಬರೆದ ಸೂತ್ರ ಅಲ್ಲ. ಎನ್‌ಎಫ್‌ಎಲ್ 1973ರಿಂದ ಅಧಿಕೃತವಾಗಿ ಬಳಸ್ತಾ ಇರೋ ಅಳತೆಗೋಲು. ಕೋಟಿಗಟ್ಟಲೆ ಡಾಲರ್ ಸಂಬಳದ ಮಾತು ಬಂದಾಗಲೆಲ್ಲ ಟಿವಿ ಪರದೆ ಮೇಲೆ ಬರುವ ಅಂಕಿ.

ನಾನು ಹಾಸನದವಳು. ಕೆಲಸ ಡೇಟಾ ಅನಾಲಿಸ್ಟ್, ವಾಸ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಅಂತ ಹೆಸರಿಟ್ಟುಕೊಂಡ ತಂಡ ಆಡೋದು ನಮ್ಮ ಪಕ್ಕದ ಊರು ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. (ಸ್ಯಾನ್ ಫ್ರಾನ್ಸಿಸ್ಕೊ ಅಲ್ಲಿಂದ ಹತ್ತಿರ ಹತ್ತಿರ ಒಂದು ಗಂಟೆ ದಾರಿ. ಬಿಡದಿಯಲ್ಲಿ ಆಡಿ ಬೆಂಗಳೂರು ತಂಡ ಅಂದ ಹಾಗೆ.) ಪಂದ್ಯ ಇದ್ದ ಭಾನುವಾರ ಈ ಕಡೆ ತರಕಾರಿಗೆ ಅಂತ ಕಾರು ತೆಗೆದರೂ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳೋದು ಗ್ಯಾರಂಟಿ. ಬೈಕೊಂಡು ಬೈಕೊಂಡೇ ಆಟ ನೋಡೋಕೆ ಶುರು ಮಾಡಿದೆ. ಈಗ ಆಟಕ್ಕಿಂತ ಆಟದ ಸುತ್ತ ನಡೆಯೋ ಒಂದು ಜಗಳ ನನಗೆ ಹೆಚ್ಚು ಇಷ್ಟ: ಈ ಕ್ವಾರ್ಟರ್‌ಬ್ಯಾಕ್ ನಿಜಕ್ಕೂ ಎಷ್ಟು ಒಳ್ಳೆಯವನು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ 11 ಜನ, ನೂರು ಗಜದ ಮೈದಾನ. ಚೆಂಡು ಇರೋ ತಂಡಕ್ಕೆ ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಪಕ್ಕದವನಿಗೆ ಕೊಟ್ಟು ಓಡಿಸಬಹುದು, ಮುಂದೆ ಓಡುತ್ತಿರುವ ರಿಸೀವರ್‌ಗೆ ಎಸೆಯಬಹುದು, ಇಲ್ಲಾ ತಾನೇ ಓಡಬಹುದು. ಕೋಚ್ ಅವನ ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಮಾತಾಡ್ತಾ ಇರ್ತಾರೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ಕಟ್. ಅಲ್ಲಿಂದ ಮುಂದೆ ಅವನೊಬ್ಬನೇ. ಚೆಂಡು ಕೈಗೆ ಬಂದ ಮೇಲೆ ಸಿಗೋ ಸಮಯ ಎರಡೂವರೆಯಿಂದ ಮೂರು ಸೆಕೆಂಡ್. ಅಷ್ಟರಲ್ಲಿ 120 ಕೆಜಿಯ ನಾಲ್ಕು ಜನ ಮೈಮೇಲೆ ಬರ್ತಿರ್ತಾರೆ.

ಆ ಮೂರು ಸೆಕೆಂಡಿಗೆ ಬೆಲೆ ಕಟ್ಟೋದು ಹೇಗೆ ಅನ್ನೋದೇ ಪ್ರಶ್ನೆ.

ಎಮ್ಮೆಗೆ ಜ್ವರ, ಎತ್ತಿಗೆ ಬರೆ

ಪಾಸರ್ ರೇಟಿಂಗ್ ನೋಡೋದು ನಾಲ್ಕೇ ವಿಷಯ: ಎಸೆದದ್ದರಲ್ಲಿ ಎಷ್ಟು ಹಿಡಿಯಲಾಯ್ತು, ಒಂದು ಎಸೆತಕ್ಕೆ ಸರಾಸರಿ ಎಷ್ಟು ಗಜ, ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಷನ್. ಗರಿಷ್ಠ 158.3. ನೂರಕ್ಕೆ ನೂರು ಅಂತ ಇಡೋಕೆ ಏನಾಗಿತ್ತೋ! ಆ ಕಾಲದ ಸಾಧಾರಣ ಆಟಕ್ಕೆ 66.7 ಬರುವ ಹಾಗೆ ಸೂತ್ರ ಹೊಂದಿಸಿದ್ದರು. ಈಗ ನಿಯಮಗಳು ಬದಲಾಗಿವೆ, ಎಸೆಯೋದು ಸುಲಭವಾಗಿದೆ, ಲೀಗ್‌ನ ಸರಾಸರಿಯೇ 90ರ ಆಸುಪಾಸಿಗೆ ಬಂದಿದೆ. ಸೂಪರ್ ಬೌಲ್ ಗೆದ್ದು ಹಾಲ್ ಆಫ್ ಫೇಮ್ ಸೇರಿದ ಜೋ ನೇಮತ್‌ನ ಇಡೀ ವೃತ್ತಿಜೀವನದ ರೇಟಿಂಗ್ 65.5. ಇವತ್ತು ಆ ಅಂಕಿ ತಂದ ಹುಡುಗನನ್ನು ಮುಂದಿನ ವಾರ ಬೆಂಚಿನ ಮೇಲೆ ಕೂರಿಸ್ತಾರೆ.

ಕಾಲ ಬದಲಾದದ್ದು ದೊಡ್ಡ ದೋಷ ಅಲ್ಲ ಬಿಡಿ. ದೊಡ್ಡ ದೋಷ ಬೇರೆ ಇದೆ. ಕ್ವಾರ್ಟರ್‌ಬ್ಯಾಕ್ ಎರಡು ಗಜ ದೂರಕ್ಕೆ ಸುಲಭದ ಎಸೆತ ಹಾಕ್ತಾನೆ, ಹಿಡಿದವನು ಐದು ಜನರನ್ನು ತಪ್ಪಿಸಿಕೊಂಡು 60 ಗಜ ಓಡ್ತಾನೆ. ಲೆಕ್ಕದಲ್ಲಿ ಅಷ್ಟೂ ಗಜ ಎಸೆದವನಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇನ್ನೊಂದು ಸಲ ಅವನು ಕರಾರುವಾಕ್ಕಾಗಿ ಎದೆಮಟ್ಟಕ್ಕೆ ಎಸೀತಾನೆ, ರಿಸೀವರ್ ಕೈಗೆ ತಗುಲಿ ಚೆಂಡು ಮೇಲಕ್ಕೆ ಚಿಮ್ಮುತ್ತೆ, ಎದುರಾಳಿ ಹಿಡೀತಾನೆ. ಇಂಟರ್‌ಸೆಪ್ಷನ್ ಯಾರ ಖಾತೆಗೆ? ಎಸೆದವನ ಖಾತೆಗೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಜೊತೆಗೆ, ಕ್ವಾರ್ಟರ್‌ಬ್ಯಾಕ್ ತಾನೇ ಓಡಿದ್ದು ಈ ರೇಟಿಂಗ್‌ಗೆ ಕಾಣೋದೇ ಇಲ್ಲ. ಬಾಲ್ಟಿಮೋರ್‌ನ ಲಮಾರ್ ಜ್ಯಾಕ್ಸನ್ 2019ರಲ್ಲಿ ಓಡಿಯೇ 1,206 ಗಜ ಗಳಿಸಿದ್ದ. ರೇಟಿಂಗ್ ಪ್ರಕಾರ ಅದು ನಡೆದೇ ಇಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತೆ. ದ್ರಾವಿಡ್ ಟೆಸ್ಟ್‌ನಲ್ಲಿ 31,258 ಎಸೆತ ಎದುರಿಸಿದರು, ಸರಾಸರಿ 52.31. ಆ ಅಂಕಿಯ ಬಹುಪಾಲು ಅವರ ಸ್ವಂತದ್ದು. ಬೌಲರ್ ಮತ್ತು ಅವರ ನಡುವೆ ಬೇರೆ ಯಾರೂ ಇರಲಿಲ್ಲ. ಬೌಲಿಂಗ್‌ನಲ್ಲಿ ಕೂಡ ಸ್ಕೋರ್‌ಕಾರ್ಡ್‌ಗೆ ಒಂದು ಮರ್ಯಾದೆ ಇದೆ. 'ಕ್ಯಾಚ್ ದ್ರಾವಿಡ್, ಬೌಲ್ಡ್ ಕುಂಬ್ಳೆ' ಅಂತ ಇಬ್ಬರ ಹೆಸರನ್ನೂ ಬರೀತಾರೆ. ಫುಟ್‌ಬಾಲ್‌ನ ಒಂದು ಎಸೆತದ ಹಿಂದೆ ಐದು ಜನ ಮೈಯೊಡ್ಡಿ ತಡೆದಿರ್ತಾರೆ. ಆ ಐವರ ಹೆಸರು ಸ್ಕೋರ್‌ಕಾರ್ಡ್‌ನಲ್ಲಿ ಎಲ್ಲೂ ಇರಲ್ಲ.

ಹಾಗಾದರೆ ಗೆಲುವನ್ನೇ ನೋಡೋಣ ಅಂತ ಒಂದು ಪಕ್ಷ. 'ಕೊನೆಗೆ ಗೆದ್ದನಾ ಇಲ್ವಾ ಹೇಳ್ರೀ' ಅನ್ನೋರು. ನನಗೆ ಈ ವಾದ ಒಂದು ಕ್ಷಣಕ್ಕೂ ಹಿಡಿಸಿಲ್ಲ. ಟ್ರೆಂಟ್ ಡಿಲ್ಫರ್ 2000ದ ಸೀಸನ್‌ನಲ್ಲಿ ಬಾಲ್ಟಿಮೋರ್ ಜೊತೆ ಸೂಪರ್ ಬೌಲ್ ಗೆದ್ದ. ಆ ತಂಡದ ಡಿಫೆನ್ಸ್ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 165 ಪಾಯಿಂಟ್. ಡಿಲ್ಫರ್ ಎಸೆದದ್ದು 12 ಟಚ್‌ಡೌನ್, 11 ಇಂಟರ್‌ಸೆಪ್ಷನ್. ಕಪ್ ಗೆದ್ದ ಮೇಲೆ ತಂಡ ಅವನನ್ನು ಉಳಿಸಿಕೊಳ್ಳಲೂ ಇಲ್ಲ! ಡ್ಯಾನ್ ಮರೀನೊ 1984ರಲ್ಲೇ 5,084 ಗಜ, 48 ಟಚ್‌ಡೌನ್ ಎಸೆದವನು. 17 ಸೀಸನ್ ಆಡಿದ. ಒಂದೂ ಸೂಪರ್ ಬೌಲ್ ಗೆಲ್ಲಲಿಲ್ಲ. ಇವರಿಬ್ಬರಲ್ಲಿ ಡಿಲ್ಫರ್ ಮೇಲು ಅಂತ ಹೇಳೋ ಮನುಷ್ಯ ನನಗೆ ಇಲ್ಲಿ ಇನ್ನೂ ಸಿಕ್ಕಿಲ್ಲ.

ಕ್ವಾರ್ಟರ್‌ಬ್ಯಾಕೇ ಬರೆದ ಲೆಕ್ಕ

ಈ ಗೋಜಲಿನಿಂದ ಹೊರಬರೋ ದಾರಿ ತೋರಿಸಿದವನು ಸ್ವತಃ ಒಬ್ಬ ಕ್ವಾರ್ಟರ್‌ಬ್ಯಾಕ್ ಅನ್ನೋದು ನನಗೆ ತುಂಬಾ ಖುಷಿ ಕೊಡೋ ವಿಷಯ. ವರ್ಜಿಲ್ ಕಾರ್ಟರ್ ಅಂತ. ಸಿನ್ಸಿನಾಟಿ ಬೆಂಗಾಲ್ಸ್‌ಗೆ ಆಡ್ತಾ ಇದ್ದ, ಜೊತೆಗೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದ್ತಾ ಇದ್ದ. ಅಲ್ಲಿನ ಪ್ರೊಫೆಸರ್ ರಾಬರ್ಟ್ ಮ್ಯಾಕೊಲ್ ಜೊತೆ ಸೇರಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅವರು ಕೇಳಿಕೊಂಡ ಪ್ರಶ್ನೆ ಸರಳ: ಮೈದಾನದ ಇಂಥ ಗೆರೆಯಲ್ಲಿ ಚೆಂಡು ಕೈಯಲ್ಲಿದ್ದರೆ, ಅದರ ಬೆಲೆ ಸರಾಸರಿ ಎಷ್ಟು ಪಾಯಿಂಟ್?

ಅಲ್ಲಿಂದ ಬೆಳೆದದ್ದೇ ಇವತ್ತು ಎಲ್ಲರ ಬಾಯಲ್ಲಿರೋ ಇಪಿಎ. ಒಂದು ಆಟಕ್ಕೆ ಮುಂಚೆ ತಂಡದ ಸ್ಥಿತಿಗೆ ಇಷ್ಟು ಪಾಯಿಂಟ್ ನಿರೀಕ್ಷೆ, ಆದ ಮೇಲೆ ಇಷ್ಟು. ವ್ಯತ್ಯಾಸವೇ ಆ ಆಟದ ಬೆಲೆ. ಮೂರನೇ ಅವಕಾಶದಲ್ಲಿ ಇನ್ನೂ ಒಂಬತ್ತು ಗಜ ಬೇಕಿದ್ದಾಗ ಎಂಟು ಗಜದ ಎಸೆತ ಹಾಕಿದರೆ ಹಳೇ ರೇಟಿಂಗ್ ಭೇಷ್ ಅನ್ನುತ್ತೆ. ಹಿಡಿತ ಪೂರ್ತಿ, ಗಜ ಎಂಟು. ಆದರೆ ಸಾಮಾನ್ಯವಾಗಿ ಮುಂದಿನ ಕೆಲಸ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸೋದು. ಇಪಿಎ ಅದನ್ನು ನಷ್ಟ ಅಂತ ಬರೆಯುತ್ತೆ. ಒಂದೇ ಗಜ ಬೇಕಿದ್ದಾಗ ಎರಡು ಗಜ ತಂದವನಿಗೆ ಲಾಭ ಬರೆಯುತ್ತೆ. ಮನೆ ಖರ್ಚು ನಿಭಾಯಿಸಿದ ಯಾರಿಗಾದರೂ ಇದು ತಕ್ಷಣ ಅರ್ಥ ಆಗುತ್ತೆ. ತಿಂಗಳ ಕೊನೆಯ ನೂರು ರೂಪಾಯಿ, ಒಂದನೇ ತಾರೀಖಿನ ನೂರು ರೂಪಾಯಿ ಅಲ್ಲ.

ಈಗ ಈ ದತ್ತಾಂಶ ಎಲ್ಲ ಉಚಿತ. ಪ್ರತಿ ಆಟದ ವಿವರವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಒಂದು ಸಂಜೆಯಲ್ಲಿ ಗ್ರಾಫ್ ಹಾಕಬಹುದು, ನಾನೂ ಹಾಕ್ತೀನಿ. ಆಟಗಾರರ ಭುಜದ ಪ್ಯಾಡ್‌ನಲ್ಲಿ, ಚೆಂಡಿನೊಳಗೆ ಕೂಡ ಚಿಪ್ ಇರುತ್ತೆ. ರಿಸೀವರ್ ಎದುರಾಳಿಯಿಂದ ಎಷ್ಟು ದೂರ ಇದ್ದ, ಎಸೆಯೋ ಹೊತ್ತಿಗೆ ಎಸೆಯುವವನ ಮೈಹತ್ತಿರ ಯಾರಿದ್ದರು ಅಂತ ಲೆಕ್ಕ ಹಾಕಿ, 'ಈ ಎಸೆತ ನೂರಕ್ಕೆ ಇಷ್ಟು ಸಲ ಕೈ ಸೇರಬೇಕಿತ್ತು' ಅಂತ ಹೇಳ್ತಾರೆ. ಅದಕ್ಕಿಂತ ಹೆಚ್ಚು ಸೇರಿಸಿದವನು ಗಟ್ಟಿಗ. ಇನ್ನು ಪ್ರೊ ಫುಟ್‌ಬಾಲ್ ಫೋಕಸ್‌ನವರು ಮನುಷ್ಯರನ್ನೇ ಕೂರಿಸಿ ಪ್ರತಿ ಆಟಗಾರನಿಗೆ, ಪ್ರತಿ ಆಟಕ್ಕೆ, ಮೈನಸ್ 2ರಿಂದ ಪ್ಲಸ್ 2ರವರೆಗೆ ಮಾರ್ಕ್ಸ್ ಹಾಕಿಸ್ತಾರೆ. ಕೈಗೆ ತಗುಲಿ ಚಿಮ್ಮಿದ ಚೆಂಡಿಗೆ ಅಲ್ಲಿ ಎಸೆದವನನ್ನು ದೂರಲ್ಲ. ಆದರೆ ಅವರಿಗೂ ಕೋಚ್ ಹೇಳಿದ ಆಟ ಯಾವುದು ಅಂತ ಗೊತ್ತಿರಲ್ಲ. ರಿಸೀವರ್ ಎಡಕ್ಕೆ ತಿರುಗಬೇಕಿತ್ತಾ, ಕ್ವಾರ್ಟರ್‌ಬ್ಯಾಕ್ ಬಲಕ್ಕೆ ಎಸೆದದ್ದು ತಪ್ಪಾ, ಅದು ತಂಡದ ಕೋಣೆಯೊಳಗಿನವರಿಗೆ ಮಾತ್ರ ಗೊತ್ತು.

ಇಷ್ಟೆಲ್ಲ ಇದ್ದರೂ ಇಪಿಎ ಹೇಳೋದು ಹನ್ನೊಂದು ಜನ ಸೇರಿ ಏನು ಗಳಿಸಿದರು ಅಂತ. ಅದರಲ್ಲಿ ಒಬ್ಬನ ಪಾಲು ಎಷ್ಟು? ಗ್ರಾಫ್ ಅಲ್ಲಿಗೆ ಬಂದು ನಿಂತುಬಿಡುತ್ತೆ.

ಈ ಪ್ರಶ್ನೆ ನನ್ನನ್ನು ಇಷ್ಟು ಕಾಡೋಕೆ ಆಫೀಸ್ ಕಾರಣ ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಡ್ತೀನಿ. ಎರಡು ವರ್ಷದಿಂದ ನಾನು ಆರು ಜನರ ಟೀಮ್‌ಗೆ ಲೀಡ್. ಡಿಸೆಂಬರ್ ಬಂದರೆ ಒಬ್ಬೊಬ್ಬರಿಗೂ 1ರಿಂದ 5ರೊಳಗೆ ಒಂದು ಅಂಕಿ ಕೊಡಬೇಕು. ಆ ಅಂಕಿಯ ಮೇಲೆ ಬೋನಸ್, ಕೆಲವರಿಗೆ ವೀಸಾ ಮುಂದುವರಿಕೆಯ ಧೈರ್ಯ, ಇನ್ನು ಕೆಲವರಿಗೆ ಊರಿನ ಮನೆ ಸಾಲ. ಒಬ್ಬ ಹುಡುಗ ವರ್ಷಪೂರ್ತಿ ದೊಡ್ಡ ದೊಡ್ಡ ಫೀಚರ್ ಮುಗಿಸಿದ, ಡ್ಯಾಶ್‌ಬೋರ್ಡ್ ತುಂಬಾ ಅವನದೇ ಹೆಸರು. ಅವನಿಗೆ ಬೇಕಾದ ಡೇಟಾ ಪ್ರತಿ ಬೆಳಗ್ಗೆ ಸರಿಯಾಗಿ ಬಂದು ಬೀಳೋ ಹಾಗೆ ರಾತ್ರಿ ಎರಡು ಗಂಟೆಗೆ ಎದ್ದು ನೋಡಿಕೊಂಡ ಹುಡುಗಿಯ ಹೆಸರು ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲ. ಫುಟ್‌ಬಾಲ್‌ನ ಆ ಐದು ಜನ ಅಡ್ಡ ನಿಲ್ಲೋರ ಹಾಗೆ. ಮಹಾ ಕ್ವಾರ್ಟರ್‌ಬ್ಯಾಕ್‌ಗಳ ಲೆಕ್ಕವೇ ಬಗೆಹರಿಯದಿದ್ದರೆ ನನ್ನ ಎಕ್ಸೆಲ್ ಶೀಟ್ ಯಾವ ಲೆಕ್ಕ?

ಒಬ್ಬನನ್ನು ತೆಗೆದು ನೋಡಿ

ಒಳ್ಳೇ ಉಪಾಯ ಒಂದೇ: ಆ ಮನುಷ್ಯನನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟು ನೋಡೋದು. ಪ್ರಯೋಗಾಲಯದಲ್ಲಿ ಇದು ಮಾಡೋಕಾಗಲ್ಲ. ಆದರೆ ಗಾಯ, ವರ್ಗಾವಣೆಗಳು ಆಗಾಗ ಆ ಕೆಲಸ ಮಾಡಿಕೊಡ್ತವೆ.

ಟಾಮ್ ಬ್ರೇಡಿಯ ವಿಷಯವೇ ತಗೊಳ್ಳಿ. 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದ ಬ್ರೇಡಿ, 2007ರಲ್ಲಿ ನ್ಯೂ ಇಂಗ್ಲೆಂಡ್‌ಗೆ ಸೀಸನ್‌ನ 16 ಪಂದ್ಯದಲ್ಲಿ ಹದಿನಾರನ್ನೂ ಗೆಲ್ಲಿಸಿದ. 2008ರ ಮೊದಲ ಪಂದ್ಯದಲ್ಲೇ ಮಂಡಿ ಮುರ್ಕೊಂಡ. ಬದಲಿಗೆ ಬಂದ ಮ್ಯಾಟ್ ಕ್ಯಾಸೆಲ್ ಜೊತೆ ತಂಡ 11 ಗೆದ್ದಿತು. ಬ್ರೇಡಿ ವಿರೋಧಿಗಳು 'ನೋಡಿ, ಎಲ್ಲಾ ಕೋಚ್ ಬೆಲಿಚಿಕ್ ಮಹಿಮೆ' ಅಂದರು. ಹನ್ನೆರಡು ವರ್ಷ ಆದ ಮೇಲೆ ಬ್ರೇಡಿ ಟ್ಯಾಂಪಾಗೆ ಹೋದ. ಮೊದಲ ವರ್ಷವೇ ಸೂಪರ್ ಬೌಲ್, ಅವನ ಏಳನೆಯದು. ಅದೇ ಸೀಸನ್‌ನಲ್ಲಿ ಬೆಲಿಚಿಕ್ ತಂಡ 7 ಗೆದ್ದು 9 ಸೋತಿತು. ಎರಡೂ ಪ್ರಯೋಗ ನಿಜ, ಎರಡರ ಉತ್ತರ ಬೇರೆ ಬೇರೆ!

ಸ್ಯಾಮ್ ಡಾರ್ನಲ್ಡ್ ಇನ್ನೊಂದು ಕಥೆ. 2018ರಲ್ಲಿ ಮೂರನೇ ಆಯ್ಕೆ, ನ್ಯೂಯಾರ್ಕ್ ಜೆಟ್ಸ್‌ಗೆ. 2019ರಲ್ಲಿ ಪೇಟ್ರಿಯಟ್ಸ್ ವಿರುದ್ಧ 33-0 ಸೋಲುತ್ತಿದ್ದಾಗ ಬೆಂಚಿನ ಮೇಲೆ ಕೂತು, ತನಗೆ ದೆವ್ವಗಳು ಕಾಣ್ತಿವೆ ಅಂದದ್ದು ಮೈಕ್‌ನಲ್ಲಿ ಸೆರೆಯಾಗಿ ದೇಶವೆಲ್ಲ ಕೇಳಿಸಿಕೊಂಡಿತು. ಎಲ್ಲರೂ ಮುಗೀತು ಅಂದರು. 2023ರಲ್ಲಿ ಅವನು ನಮ್ಮ ಸಾಂಟಾ ಕ್ಲಾರಾದಲ್ಲಿ ಬೆಂಚು ಕಾಯ್ತಾ ಕೂತಿದ್ದ. 2024ರಲ್ಲಿ ಮಿನ್ನೆಸೋಟಾ ವೈಕಿಂಗ್ಸ್ ಸೇರಿ 17ರಲ್ಲಿ 14 ಪಂದ್ಯ ಗೆಲ್ಲಿಸಿದ, 35 ಟಚ್‌ಡೌನ್ ಎಸೆದ. ಕೈ ಅದೇ, ತಲೆಯೂ ಅದೇ. ಸುತ್ತ ಇದ್ದವರು ಬದಲಾಗಿದ್ದರು.

ಕೊನೆಯವನು

ಅವನು ಬೆಂಚು ಕಾಯ್ತಾ ಇದ್ದದ್ದು ಯಾರ ಹಿಂದೆ ಗೊತ್ತೇ? ಬ್ರಾಕ್ ಪರ್ಡಿ ಹಿಂದೆ. ನಮ್ಮ ಕೊಲ್ಲಿ ಪ್ರದೇಶದ ಎಲ್ಲಾ ಜಗಳದ ಮೂಲ ಪುರುಷ.

2022ರ ಡ್ರಾಫ್ಟ್‌ನಲ್ಲಿ ಒಟ್ಟು 262 ಜನರನ್ನು ಆರಿಸಿದರು. ಪರ್ಡಿ 262ನೆಯವನು. ಕೊನೆಯವನಿಗೆ 1976ರಿಂದ 'ಮಿಸ್ಟರ್ ಇರ್ರೆಲೆವೆಂಟ್' ಅಂತ ಬಿರುದು ಕೊಟ್ಟು ತಮಾಷೆಗೆ ಮೆರವಣಿಗೆ ಮಾಡ್ತಾರೆ. ನಮ್ಮಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಲ್ಲ, ಹಾಗೆ. ಅದೇ ತಂಡ ಹಿಂದಿನ ವರ್ಷ ಟ್ರೇ ಲಾನ್ಸ್ ಅನ್ನೋ ಹುಡುಗನಿಗಾಗಿ ಮೂರು ಮೊದಲ ಸುತ್ತಿನ ಆಯ್ಕೆಗಳನ್ನೇ ಒತ್ತೆ ಇಟ್ಟಿತ್ತು. ಲಾನ್ಸ್‌ಗೆ ಗಾಯ, ಆಮೇಲೆ ಬಂದ ಗರೊಪ್ಪೊಲೊಗೂ ಗಾಯ. 2022ರ ಡಿಸೆಂಬರ್‌ನಲ್ಲಿ ಬೇರೆ ಗತಿ ಇಲ್ಲದೆ ಪರ್ಡಿಯನ್ನು ಇಳಿಸಿದರು. ಮೊದಲಿನಿಂದ ಆಡಿದ ಮೊದಲ ಪಂದ್ಯದಲ್ಲೇ ಎದುರಿಗೆ ಟಾಮ್ ಬ್ರೇಡಿ. 35-7. ಗೆದ್ದವನು 262.

ಮುಂದಿನ ವರ್ಷ, 2023, ಅವನದೇ. 4,280 ಗಜ, 31 ಟಚ್‌ಡೌನ್, ಪಾಸರ್ ರೇಟಿಂಗ್ 113.0, ಇಡೀ ಲೀಗ್‌ಗೆ ಮೊದಲು. ಸಂಬಳ ಒಂಬತ್ತು ಲಕ್ಷ ಡಾಲರಿಗಿಂತ ಕಡಿಮೆ. ಅಷ್ಟೊಂದು ಅನ್ನಬೇಡಿ, ಈ ಆಟದಲ್ಲಿ ಅದು ಚಿಲ್ಲರೆ. ರೂಮ್‌ಮೇಟ್ ಜೊತೆ ಬಾಡಿಗೆ ಹಂಚಿಕೊಂಡು ಇದ್ದ. ಇಲ್ಲಿಗೆ ಹೊಸದಾಗಿ ಬಂದ ಪ್ರತಿಯೊಬ್ಬ ಸಾಫ್ಟ್‌ವೇರ್ ಹುಡುಗ ಹುಡುಗಿಗೂ ಅವನು ನಮ್ಮವನು ಅನ್ನಿಸಿದ್ದು ಅದಕ್ಕೇ ಇರಬೇಕು.

ಆದರೂ ಅರ್ಧ ದೇಶ ಒಪ್ಪಲಿಲ್ಲ. 'ಸಿಸ್ಟಂ ಕ್ವಾರ್ಟರ್‌ಬ್ಯಾಕ್' ಅಂದರು. ಅಂದ್ರೆ, ಕೋಚ್ ಕೈಲ್ ಶಾನಹಾನ್ ಹಾಕಿಕೊಟ್ಟ ಗೆರೆ ಮೇಲೆ ನಡೆದವನು. ಅವನ ಪಕ್ಕ ಇದ್ದದ್ದು ಆ ವರ್ಷ ಓಡಿಯೇ 1,459 ಗಜ ಗಳಿಸಿ ಲೀಗ್‌ಗೆ ಮೊದಲಾದ ಕ್ರಿಶ್ಚಿಯನ್ ಮೆಕ್ಯಾಫ್ರಿ, ಹಿಡಿದ ಮೇಲೆ ಎತ್ತಿನ ಹಾಗೆ ನುಗ್ಗುವ ಡೀಬೊ ಸ್ಯಾಮ್ಯುಯೆಲ್, ಜಾರ್ಜ್ ಕಿಟಲ್, ಅಡ್ಡ ನಿಲ್ಲೋಕೆ ಟ್ರೆಂಟ್ ವಿಲಿಯಮ್ಸ್. ಇಂಥ ಅಡುಗೆಮನೆ ಕೊಟ್ಟರೆ ಯಾರು ಬೇಕಾದರೂ ಹೋಳಿಗೆ ಮಾಡ್ತಾರೆ ಅನ್ನೋ ಮಾತು. ಅದರಲ್ಲಿ ಹುರುಳಿದೆ. ಇದೇ ಕೋಚ್ ಕೈಕೆಳಗೆ ಗರೊಪ್ಪೊಲೊ ಕೂಡ 2019ರಲ್ಲಿ 102.0 ರೇಟಿಂಗ್ ತಂದು ಸೂಪರ್ ಬೌಲ್‌ವರೆಗೆ ಹೋಗಿದ್ದ.

ನಾನು ಮೂರು ಪಂದ್ಯ ಮತ್ತೆ ಮತ್ತೆ ನೋಡಿದೀನಿ. ಟಿವಿಯಲ್ಲಿ ತೋರಿಸೋ ಕೋನದಿಂದ ಅಲ್ಲ. 22 ಜನರೂ ಒಟ್ಟಿಗೆ ಕಾಣೋ ಕೋಚ್‌ಗಳ ವಿಡಿಯೊ ಚಂದಾ ಕಟ್ಟಿದರೆ ಎಲ್ಲರಿಗೂ ಸಿಗುತ್ತೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ, ಹಾಗಾಗಿ ಎಸೆಯದೆ ಬಿಟ್ಟ ಅವಕಾಶ ಕಾಣೋದೇ ಇಲ್ಲ.

ಒಂದು, 2023ರ ಜನವರಿಯ ಫಿಲಡೆಲ್ಫಿಯಾ ಪಂದ್ಯ. ಶುರುವಿನಲ್ಲೇ ಪರ್ಡಿಯ ಮೊಣಕೈ ಲಿಗಮೆಂಟ್ ಹರಿಯಿತು. ಬದಲಿ ಆಟಗಾರನ ತಲೆಗೂ ಪೆಟ್ಟಾಗಿ, ಎಸೆಯೋಕಾಗದ ಕೈ ಇಟ್ಟುಕೊಂಡೇ ಪರ್ಡಿ ವಾಪಸ್ ಬಂದ. ಅದೇ ಕೋಚ್, ಅದೇ ಮೆಕ್ಯಾಫ್ರಿ, ಅದೇ ಅಡುಗೆಮನೆ. 31-7 ಸೋಲು. ಸಿಸ್ಟಂ ತಾನಾಗೇ ಓಡಲ್ಲ ಅಂತ ಅವತ್ತು ಎಲ್ಲರಿಗೂ ಕಂಡಿತು.

ಎರಡು, 2023ರ ಕ್ರಿಸ್ಮಸ್ ರಾತ್ರಿ ಬಾಲ್ಟಿಮೋರ್ ವಿರುದ್ಧ. ನಾಲ್ಕು ಇಂಟರ್‌ಸೆಪ್ಷನ್, 33-19 ಸೋಲು. ಮಧ್ಯಮೈದಾನಕ್ಕೆ, ರಿಸೀವರ್ ತಿರುಗೋಕೆ ಮುಂಚೆಯೇ ಚೆಂಡು ಬಿಡೋದು ಪರ್ಡಿಯ ದೊಡ್ಡ ಬಲ. ಆ ಜಾಗಕ್ಕೇ ಕಾವಲು ಹಾಕಿದ ಒಳ್ಳೇ ಡಿಫೆನ್ಸ್ ಎದುರಾದಾಗ ಆ ಬಲವೇ ಮುಳುವಾಯ್ತು. ಆ ವರ್ಷದ ಎಂವಿಪಿ ಪ್ರಶಸ್ತಿ ಎದುರಿಗಿದ್ದ ಲಮಾರ್ ಜ್ಯಾಕ್ಸನ್‌ಗೆ ಹೋಯ್ತು.

ಮೂರು, 2024ರ ಜನವರಿಯಲ್ಲಿ ಡೆಟ್ರಾಯಿಟ್ ವಿರುದ್ಧ. ಅರ್ಧ ಪಂದ್ಯಕ್ಕೆ 24-7 ಹಿಂದೆ. ಪರ್ಡಿ ದೂರಕ್ಕೊಂದು ಚೆಂಡು ಎಸೆದ, ಅದು ನೇರ ಎದುರಾಳಿಯ ಕೈಗೆ ಹೋಗಬೇಕು, ಅವನ ಹೆಲ್ಮೆಟ್‌ಗೆ ಬಡಿದು ಮೇಲೆದ್ದು ನಮ್ಮವನಾದ ಬ್ರ್ಯಾಂಡನ್ ಅಯ್ಯುಕ್ ಮಡಿಲಿಗೆ ಬಿತ್ತು. ಲೆಕ್ಕದಲ್ಲಿ: 51 ಗಜ, ಯಶಸ್ವಿ ಎಸೆತ. ಕೆಟ್ಟ ಎಸೆತಕ್ಕೆ ಶುದ್ಧ ಅದೃಷ್ಟ. ಆದರೆ ಅದೇ ಅರ್ಧದಲ್ಲಿ, ಎಸೆಯೋಕೆ ಯಾರೂ ಸಿಗದಾಗ ಪರ್ಡಿ ತಾನೇ ಸಂದು ಹುಡುಕಿ ಓಡಿ ತಂದ ಗಜಗಳು ಪಂದ್ಯ ತಿರುಗಿಸಿದವು. ಪಾಸರ್ ರೇಟಿಂಗ್ ಹೆಲ್ಮೆಟ್‌ಗೆ ಬಡಿದದ್ದಕ್ಕೆ ಮಾರ್ಕ್ಸ್ ಕೊಟ್ಟಿತು, ಓಡಿದ್ದಕ್ಕೆ ಕೊಡಲಿಲ್ಲ. 34-31 ಗೆಲುವು.

ಎರಡು ವಾರ ಆದ ಮೇಲೆ ಸೂಪರ್ ಬೌಲ್. ಹೆಚ್ಚುವರಿ ಸಮಯ, ಎದುರಾಳಿಯ 9 ಗಜದ ಗೆರೆ, ಮೂರನೇ ಅವಕಾಶ, ನಾಲ್ಕು ಗಜ ಬೇಕು. ಕಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್ ಯಾರ ತಡೆಯೂ ಇಲ್ಲದೆ ನೇರ ಮೈಮೇಲೆ ಬಂದ. ಪರ್ಡಿ ಅವಸರದಲ್ಲಿ ಎಸೆದ, ಚೆಂಡು ಯಾರಿಗೂ ಸಿಗಲಿಲ್ಲ. ತಂಡ ಮೂರು ಪಾಯಿಂಟ್‌ಗೆ ತೃಪ್ತಿಪಟ್ಟಿತು. ಆಮೇಲೆ ಪ್ಯಾಟ್ರಿಕ್ ಮಹೋಮ್ಸ್ ಬಂದು ಟಚ್‌ಡೌನ್ ಹಾಕಿ 25-22ಕ್ಕೆ ಮುಗಿಸಿದ. ಪುಸ್ತಕದಲ್ಲಿ ಪರ್ಡಿ ಹೆಸರಿಗೆ ಒಂದು ವಿಫಲ ಎಸೆತ. ಅಡ್ಡ ನಿಲ್ಲಬೇಕಾದವನು ತಪ್ಪು ಆಳನ್ನು ಹಿಡಿದದ್ದು ಯಾವ ಪುಸ್ತಕದಲ್ಲೂ ಇಲ್ಲ.

2024ರಲ್ಲಿ ಅಡುಗೆಮನೆಗೇ ಬೆಂಕಿ ಬಿತ್ತು. ಮೆಕ್ಯಾಫ್ರಿ ನಾಲ್ಕೇ ಪಂದ್ಯ ಆಡಿದ, ಅಯ್ಯುಕ್ ಮಂಡಿ ಹೋಯ್ತು, ಟ್ರೆಂಟ್ ವಿಲಿಯಮ್ಸ್‌ಗೂ ಗಾಯ. ತಂಡ 6 ಗೆದ್ದು 11 ಸೋತಿತು. ಪರ್ಡಿಯ ರೇಟಿಂಗ್ 113ರಿಂದ 96.1ಕ್ಕೆ ಇಳಿಯಿತು, 20 ಟಚ್‌ಡೌನ್‌ಗೆ 12 ಇಂಟರ್‌ಸೆಪ್ಷನ್. 'ನಾವು ಹೇಳಲಿಲ್ವಾ' ಅಂದವರಿಗೆ ನನ್ನದೊಂದು ಪ್ರಶ್ನೆ: ಅಷ್ಟು ಜನ ಹೋದ ಮೇಲೂ ಲೀಗ್‌ನ ಸರಾಸರಿಗಿಂತ ಮೇಲೆ ಇದ್ದನಲ್ಲ, ಅದು ಯಾರ ಸಿಸ್ಟಂ?

ನನ್ನ ಲೆಕ್ಕ ಹೇಳಿಬಿಡ್ತೀನಿ. 113 ತಂದವನು ಪರ್ಡಿ ಒಬ್ಬನೇ ಅಲ್ಲ, 96ಕ್ಕೆ ಇಳಿಸಿದವನೂ ಅವನೊಬ್ಬನೇ ಅಲ್ಲ. ಮಹೋಮ್ಸ್, ಲಮಾರ್, ಬಫಲೊದ ಜಾಶ್ ಆಲನ್ ಸಾಲಿಗೆ ಅವನನ್ನು ಸೇರಿಸಲ್ಲ; ಅವರು ಆಟ ಕೆಟ್ಟ ಮೇಲೆ ಹೊಸ ಆಟ ಹುಟ್ಟಿಸ್ತಾರೆ. ಪರ್ಡಿ ಹತ್ತರ ಆಸುಪಾಸಿನವನು. ಲೀಗ್‌ನಲ್ಲಿ 32 ತಂಡ, 32 ಒಳ್ಳೇ ಕ್ವಾರ್ಟರ್‌ಬ್ಯಾಕ್‌ಗಳು ಭೂಮಿ ಮೇಲೇ ಇಲ್ಲ. ಹಾಗಿದ್ದಾಗ ಹತ್ತನೆಯವನು ಅಂದರೆ ಕಡಿಮೆ ಮಾತಲ್ಲ.

ತಂಡವೂ ಹಾಗೇ ಯೋಚಿಸಿರಬೇಕು. 2025ರ ಮೇನಲ್ಲಿ ಐದು ವರ್ಷಕ್ಕೆ 265 ಮಿಲಿಯನ್ ಡಾಲರ್ ಒಪ್ಪಂದ ಆಯ್ತು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಮೇಲೆ. ಆ ವರ್ಷ ಒಂದು ತಂಡ ಎಲ್ಲಾ ಆಟಗಾರರಿಗೂ ಸೇರಿ ಖರ್ಚು ಮಾಡಬಹುದಾದ ಮಿತಿ 279.2 ಮಿಲಿಯನ್. ಪರ್ಡಿಯ ವರ್ಷದ ಸರಾಸರಿ 53 ಮಿಲಿಯನ್. ಒಂಬತ್ತು ಲಕ್ಷಕ್ಕೆ ಸಿಕ್ತಿದ್ದ ಕ್ವಾರ್ಟರ್‌ಬ್ಯಾಕ್ ಇದ್ದಾಗಲೇ ಅಷ್ಟು ದುಬಾರಿ ಅಡುಗೆಮನೆ ಕಟ್ಟೋಕೆ ಆಗಿದ್ದು. ಒಪ್ಪಂದಕ್ಕೆ ಎರಡು ತಿಂಗಳ ಮುಂಚೆಯೇ ಡೀಬೊ ಸ್ಯಾಮ್ಯುಯೆಲ್‌ನನ್ನು ಐದನೇ ಸುತ್ತಿನ ಒಂದು ಆಯ್ಕೆಗೆ ವಾಷಿಂಗ್ಟನ್‌ಗೆ ಕೊಟ್ಟರು. ಡಿಫೆನ್ಸ್‌ನ ಡ್ರೇ ಗ್ರೀನ್‌ಲಾ, ಹುಫಾಂಗಾ ಡೆನ್ವರ್‌ಗೆ ಹೋದರು. ಎಲ್ಲವೂ ಪರ್ಡಿ ಸಂಬಳಕ್ಕಾಗಿಯೇ ಅಲ್ಲ. ಆದರೆ ಒಬ್ಬನಿಗೆ ಹಾಕೋ ಅಂಕಿ ಬೇರೆಯವರ ತಟ್ಟೆಯಿಂದಲೇ ಬರಬೇಕು. ನನ್ನ ಟೀಮ್‌ನ ಬೋನಸ್ ಹಣವೂ ಹೀಗೇ, ಒಟ್ಟು ಮೊತ್ತ ಮೊದಲೇ ನಿಗದಿ.

ಆಟ ನೋಡೋಕೆ ಶುರು ಮಾಡಬೇಕು ಅಂತಿರೋರಿಗೆ ಒಂದೇ ಸಲಹೆ. ಚೆಂಡನ್ನು ನೋಡಬೇಡಿ. ಮೂರನೇ ಅವಕಾಶ, ಏಳೆಂಟು ಗಜ ಬೇಕು ಅನ್ನೋ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ನೋಡಿ. ಮೊದಲ ರಿಸೀವರ್‌ನನ್ನೇ ಗುರಾಯಿಸಿಕೊಂಡು ನಿಂತಿದಾನಾ, ಎರಡನೆಯವನು, ಮೂರನೆಯವನು ಅಂತ ತಲೆ ತಿರುಗುತ್ತಿದೆಯಾ? ಮೈಮೇಲೆ ಆಳು ಬಂದಾಗ ಕಣ್ಣು ದೂರ ಇದೆಯಾ, ಬರುತ್ತಿರುವವನ ಮೇಲೆ ಇಳಿಯಿತಾ? ನಾಲ್ಕು ಪಂದ್ಯ ಹೀಗೆ ನೋಡಿ, ಆಮೇಲೆ ಅಂಕಿಗಳನ್ನು ತೆಗೆಯಿರಿ. ಕಣ್ಣು ಮತ್ತು ಅಂಕಿ ಒಂದೇ ಮಾತು ಹೇಳಿದರೆ ಸರಿ. ಬೇರೆ ಬೇರೆ ಹೇಳಿದರೆ, ಆ ಐದು ಜನ ಅಡ್ಡ ನಿಲ್ಲೋರ ಕಡೆ ಒಮ್ಮೆ ನೋಡಿ.

ಅಂದ ಹಾಗೆ, 2025ರ ಸೀಸನ್‌ನಲ್ಲಿ ಪರ್ಡಿಗೆ ಕಾಲ್ಬೆರಳಿನ ಗಾಯ ಆಯ್ತು. ನ್ಯೂ ಇಂಗ್ಲೆಂಡ್‌ನವರು ಸಾಕು ಅಂತ ಕೈಬಿಟ್ಟಿದ್ದ ಮ್ಯಾಕ್ ಜೋನ್ಸ್ ಅವನ ಜಾಗದಲ್ಲಿ ಎಂಟು ಪಂದ್ಯ ಆಡಿ ಐದನ್ನು ಗೆದ್ದ. ಮರುದಿನ ಆಫೀಸ್ ಕ್ಯಾಂಟೀನ್‌ನಲ್ಲಿ 'ಸಿಸ್ಟಂ' ಪಕ್ಷದವರ ಮುಖ ನೋಡಬೇಕಿತ್ತು. ನಾನು 2008ರ ಮ್ಯಾಟ್ ಕ್ಯಾಸೆಲ್ ಗ್ರಾಫ್ ತೆಗೆದು ಟೇಬಲ್ ಮೇಲಿಟ್ಟೆ. ಊಟದ ಸಮಯ ಮುಗಿದರೂ ಯಾರೂ ಏಳಲಿಲ್ಲ.